ಅಕ್ರಮನ ಅಳಿಸುವ ಪಟ್ಟಿ

ಅಕ್ರಮ್ ಮಾಡಿದ ತಪ್ಪು ಒಂದೇ. ನಾಳೆ ಮಾಡಿದರಾಯಿತೆಂದು ಒಂದು ಕೆಲಸವನ್ನು ಎರಡು ತಿಂಗಳು ತಳ್ಳಿದ್ದ.

ಚಳ್ಳಕೆರೆಯ ಅವನ ಕಂಪ್ಯೂಟರ್ ಅಂಗಡಿಯಲ್ಲಿ ಮೂರು ಯಂತ್ರ, ಮೂರಕ್ಕೂ ಸೇರಿ ಒಂದು ಸರ್ವರ್. ಗಿರಾಕಿಗಳು ತಮ್ಮ ಹೆಸರು ಹೊಡೆದು ಕೂರಬೇಕು. ಅವರು ಹೆಸರು ತೆಗೆದು ಎದ್ದರೆ ಅವರ ಕೆಲಸ ಅಳಿಸುವ ಪಟ್ಟಿಗೆ ಸೇರುತ್ತದೆ. ಒಂದು ನಿಮಿಷ ಮೂರು ಯಂತ್ರದಲ್ಲೂ ಯಾರೂ ಕೀಲಿಮಣೆ ಮುಟ್ಟದಿದ್ದರೆ ಸರ್ವರ್ ಆ ಪಟ್ಟಿಯಲ್ಲಿದ್ದುದನ್ನೆಲ್ಲ ಗುಡಿಸಿಹಾಕುತ್ತದೆ. ಬೇಕಾದವರು ಮೊದಲೇ ಫ್ಲಾಪಿಗೆ ಹಾಕಿಕೊಳ್ಳಬೇಕು. ಇಷ್ಟನ್ನೂ ಬರೆದವನು ಅಕ್ರಮನೇ. ಎದ್ದವರು ಮರಳಿ ಬಂದರೆ ಅವರ ಕೆಲಸವನ್ನು ಪಟ್ಟಿಯಿಂದ ತೆಗೆಯುವುದನ್ನು ಮಾತ್ರ ಬರೆದಿರಲಿಲ್ಲ. ಆ ದಿನ ಬೆಳಗ್ಗೆಯಿಂದ ಊಟವನ್ನೂ ಬಿಟ್ಟು ಅದನ್ನೇ ಬರೆಯುತ್ತಿದ್ದ. ಇನ್ನು ನಾಲ್ಕು ಸಾಲು ಬಾಕಿ ಇತ್ತು.

ಆಗ ಪಕ್ಕದ ಟೀ ಅಂಗಡಿಯ ದುರುಗಣ್ಣ ಟೀ ಹಿಡಿದು ಒಳಗೆ ಬಂದ. ಮೊಳಕಾಲ್ಮೂರಿನ ನೇಕಾರರ ಮನೆಯ ನಿರ್ಮಲಾ ಪರದೆಯಲ್ಲಿ ಬಿಡಿಸುತ್ತಿದ್ದ ಸೀರೆಸೆರಗಿನ ನವಿಲನ್ನು ಬಗ್ಗಿ ನೋಡಲು ಹೋಗಿ, ಕಾಲಿಗೆ ಅವಳ ಯಂತ್ರದ ವೈರ್ ಸಿಕ್ಕಿಸಿಕೊಂಡು ಕಿತ್ತೇಬಿಟ್ಟ.

ಅಕ್ರಮ್ ಓಡಿಬಂದು ವೈರ್ ಚುಚ್ಚಿದ. ನಿರ್ಮಲಾ ಮತ್ತೆ ಹೆಸರು ಹೊಡೆದಳು. ನವಿಲು ಮೂಡಿತು.

"ಐತೆ ಬಿಡಣ್ಣ! ಮಗ್ಗ ಖಾಲಿ ಬಿಟ್ಕಂಡು ನಮ್ಮಾವ ಕಾಯ್ತಾ ಕೂತವ್ರೆ."

ವೈರ್ ಕಿತ್ತಾಗಲೇ ಸರ್ವರ್ ಅವಳು ಎದ್ದಳೆಂದು ಲೆಕ್ಕ ಹಾಕಿತ್ತು. ನವಿಲು ಬಂದಿತ್ತು, ಆದರೆ ಪಟ್ಟಿಯಲ್ಲೂ ಉಳಿದಿತ್ತು.

"ಕೈ ತೆಗೀಬೇಡಮ್ಮ! ಸುಮ್ನಾದ್ರೆ ನವಿಲು ಅಳಿಸಿ ಹೋಗ್ತೈತೆ. ಫ್ಲಾಪಿ ತರ್ತೀನಿ. ಅದಕ್ಕೆ ಹಾಕೋವಾಗ ನಿನ್ ಯಂತ್ರ ಕೈಗೆ ಸಿಗಲ್ಲ. ದುರುಗಣ್ಣ, ನನ್ ಸೀಟಲ್ಲಿ ಕೂತು ಈ ಉದ್ದ ಕೀಲಿ ಒತ್ತುತಾ ಇರು!"

ಬಸ್‌ಸ್ಟ್ಯಾಂಡಿನವರೆಗೆ ಓಡಿ, ಮೂರು ಅಂಗಡಿ ಹುಡುಕಿ ಅವನು ಫ್ಲಾಪಿ ತಂದಾಗ ದುರುಗಣ್ಣ ವಡೆ ತಟ್ಟಿದಂತೆ ಕೀಲಿ ತಟ್ಟುತ್ತಿದ್ದ. ನವಿಲು ಫ್ಲಾಪಿ ಸೇರಿತು. ಮೂವರೂ ಕೈಬಿಟ್ಟು ಉಸಿರೆಳೆದುಕೊಂಡರು. ಒಂದು ನಿಮಿಷಕ್ಕೆ ಸರ್ವರ್ ಗುರ್ರೆಂದು ತನ್ನ ಕಸ ಗುಡಿಸಿತು. ಪರದೆಯ ಮೇಲಿನ ನವಿಲು ಹೋಯಿತು. ನಿರ್ಮಲಾ ಫ್ಲಾಪಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ನಗುತ್ತ ಬಸ್ಸಿಗೆ ಹೊರಟಳು.

ಅಕ್ರಮ್ ಉಳಿದ ನಾಲ್ಕು ಸಾಲು ಬರೆಯೋಣವೆಂದು ತನ್ನ ಸೀಟಿಗೆ ಬಂದ. ಪರದೆಯಲ್ಲಿ ಬರಿ ಖಾಲಿ ಹಾಳೆ, ಮೇಲೆ ದುರುಗಣ್ಣನ ಹೆಸರು.

"ಇದೇನು ದುರುಗಣ್ಣ?"

"ನಿನ್ ಹೆಸ್ರಲ್ಲಿ ನಾನು ಕೂತ್ರೆ ತಪ್ಪಲ್ವೇನಲೇ? ದಿನಾ ನೋಡ್ತೀನಲ್ಲ, ನಿನ್ ಹೆಸ್ರು ಎಬ್ಬಿಸಿ ನನ್ ಹೆಸ್ರು ಹೊಡ್ಕಂಡೆ."

ಬೆಳಗ್ಗೆಯಿಂದ ಬರೆದದ್ದೆಲ್ಲ ಕಸದ ಜೊತೆ ಹೋಗಿತ್ತು. ಅಕ್ರಮ್ ಆರಿದ ಟೀಯನ್ನು ಕುಡಿದು, ಮೊದಲ ಸಾಲಿನಿಂದ ಶುರುಮಾಡಿದ.