ಹುಳದ ಮನೆ ಸೇರಿದ ಎರಡನೇ ಭಾಗ

ಪಾರ್ಸೆಲ್ಲನ್ನು ಪಕ್ಕದ ಮನೆಯ ವಿಳಾಸಕ್ಕೆ ತರಿಸಿದ್ದೇ ತಪ್ಪಾಯಿತು. ಆದರೆ ಅನಂತರಾಮಯ್ಯನವರು ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ. ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತರು. ಬೀಡಿಯಿಲ್ಲ, ಇಸ್ಪೀಟಿಲ್ಲ, ಇರುವುದೊಂದೇ ಚಟ, ಪುಸ್ತಕ. ಅದನ್ನೂ ಸ್ವಂತ ಮನೆಯಲ್ಲಿ ಕದ್ದುಮುಚ್ಚಿ ನಡೆಸಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಎಲ್ಲಕ್ಕೂ ಮೂಲ ಯುಗಾದಿ. ಹಬ್ಬಕ್ಕೆ ಬಂದ ಅಳಿಯ ಅಚ್ಯುತ್ ನೆಲದ ಮೇಲೆ ಮಲಗಬೇಕಾಯಿತು. ಮಂಚದ ತುಂಬ ಅನಂತರಾಮಯ್ಯನವರು ಕೊಂಡು ಓದದೆ ಬಿಟ್ಟ ಪುಸ್ತಕಗಳು ಪವಡಿಸಿದ್ದವು. ಅಳಿಯ ಹೊರಟ ಮರುದಿನ ಹೆಂಡತಿ ಕನಕಲಕ್ಷ್ಮಿ ಅವನ್ನೆಲ್ಲ ಗೋಡೆಯ ಪಕ್ಕ ಒಂದರ ಮೇಲೊಂದು ಪೇರಿಸಿ ಎಣಿಸಿದರು. ನಲವತ್ತೊಂದು.

"ಹೋದ ತಿಂಗಳು ಓದಿದ್ದೆಷ್ಟು?"

"ಎರಡು. ಒಂದು ಹಿಮಾಲಯದ ಪ್ರವಾಸ, ಇನ್ನೊಂದು ಹಾವುಗಳ ಬಗ್ಗೆ."

"ತಂದಿದ್ದೆಷ್ಟು?"

"ಏಳು."

"ಇವತ್ತಿಂದ ಮೇಲಿಂದ ಒಂದೊಂದೇ ತೆಗೆದು ಓದ್ತಾ ಬನ್ನಿ. ತಳದ್ದು ಮುಗಿಯೋವರ್ಗೂ ಹೊಸ ಪುಸ್ತಕ ಹೊಸ್ತಿಲು ದಾಟಿದ್ರೆ, ರಾಶಿ ಪೂರ್ತಿ ಲೈಬ್ರರಿಗೆ ಕೊಟ್ಟು ಕೈ ತೊಳ್ಕೋತೀನಿ."

ಅನಂತರಾಮಯ್ಯನವರು ಒಪ್ಪಿದರು. ಎರಡು ತಿಂಗಳಲ್ಲಿ ಎಲ್ಲಕ್ಕಿಂತ ಮೇಲಿದ್ದ ಪುಸ್ತಕದ ಹನ್ನೆರಡು ಪುಟ ಓದಿಯೂ ಓದಿದರು. ಅಷ್ಟರಲ್ಲಿ ಆ ಸುದ್ದಿ ಕಿವಿಗೆ ಬಿತ್ತು. ಅವರು ನಾಲ್ಕು ವರ್ಷ ಕಾದಿದ್ದ ಪತ್ತೇದಾರಿ ಕಾದಂಬರಿಯ ಎರಡನೇ ಭಾಗ ಅಚ್ಚಾಗಿತ್ತು! ಮೊದಲ ಭಾಗದ ಕೊನೆಯ ಪುಟದಲ್ಲಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಶಾನುಭೋಗರು ಸತ್ತು ಬಿದ್ದಿದ್ದರು. ಕೊಂದವರು ಯಾರು? ಊಟಕ್ಕೆ ಕೂತರೆ ಅದೇ ಯೋಚನೆ, ಬಸ್ಸಿನಲ್ಲಿ ಅದೇ ಯೋಚನೆ. ನಿದ್ದೆಯಲ್ಲೂ "ಶಾನುಭೋಗರನ್ನ ಯಾರು..." ಎಂದು ಕನವರಿಸುತ್ತಿದ್ದರು.

ಅದಕ್ಕೇ ಪಕ್ಕದ ಮನೆಯ ರಾಮಾಂಜಿನಪ್ಪನ ಹೆಸರಿಗೆ ತರಿಸಿದ್ದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಸೆಲ್ ತಲುಪಿದೆಯೆಂದು ಮೊಬೈಲಿಗೆ ಸಂದೇಶ ಬಂತು. ಸಕ್ಕರೆ ತರುವ ನೆಪ ಹೇಳಿ ಅನಂತರಾಮಯ್ಯನವರು ಹೊರಬಿದ್ದರು.

ರಾಮಾಂಜಿನಪ್ಪ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿಗೆ ಒದ್ದೆ ಗೋಣಿ ಹೊದಿಸುತ್ತಿದ್ದ.

"ಅಯ್ಯೋ ದೇವುಡಾ! ಅದು ನಿಮ್ದಾ ಸಾರ್? ನಾನು ರೇಷ್ಮೆಹುಳಕ್ಕೆ ಎರಚೋ ಔಷಧಿ ಪುಡಿ ತರ್ಸಿದ್ದೆ, ಅದೇ ಬಂತು ಅನ್ಕೊಂಡೆ. ಸೊಪ್ಪಿನ ಜೊತೆ ಹುಳದ ಮನೆ ಒಳಗೆ ಹೋಯ್ತು."

"ಹೋದ್ರೆ ಹೋಗ್ಲಿ, ಈಚೆ ಕೊಡಿ."

"ಆಗಲ್ವಲ್ಲ. ನಾಲ್ಕನೇ ಜ್ವರ ಎದ್ದಿದಾವೆ ಹುಳ."

ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಮೇವು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ. ಹಾಗೆ ಮಲಗುವುದಕ್ಕೇ ಇಲ್ಲಿಯವರು ಜ್ವರ ಅನ್ನುವುದು. ನಾಲ್ಕನೆಯದು ಎದ್ದಿತೆಂದರೆ ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ರಾಮಾಂಜಿನಪ್ಪನ ಮನೆಯಲ್ಲಿ ಇನ್ನೂ ಒಂದು ಕಟ್ಟಳೆಯಿತ್ತು. ಒಳಗೆ ಹೋದ ವಸ್ತು ಹುಳ ಹಣ್ಣಾಗಿ ಗೂಡು ಕಟ್ಟಲು ತೊಡಗುವವರೆಗೆ ಹೊರಗೆ ಬರಬಾರದು.

"ಹೋದ್ ವರ್ಷ ಯಾರೋ ಕೇಳಿದ್ರು ಅಂತ ಒಂದು ನಿಂಬೆಹಣ್ಣು ಈಚೆ ಕೊಟ್ವಿ. ಬೆಳೆ ಪೂರ್ತಿ ಮಕಾಡೆ ಮಲಗ್ತು. ಇನ್ನಾರು ದಿನ ತಡ್ಕೊಳಿ ಸಾರ್."

"ನಿಂಬೆಹಣ್ಣಿಗೂ ಪುಸ್ತಕಕ್ಕೂ ಏನ್ರೀ ಸಂಬಂಧ? ದುಡ್ಡು ಕೊಟ್ಟು ತರ್ಸಿದ್ದೀನಿ ನಾನು!"

ರಾಮಾಂಜಿನಪ್ಪ ಜಗ್ಗಲಿಲ್ಲ. ಅನಂತರಾಮಯ್ಯನವರು ಉರಿಯುತ್ತಲೇ ಮನೆಯ ಹಿಂದಕ್ಕೆ ಹೋಗಿ, ನೊಣ ಬಾರದಂತೆ ಜಾಲರಿ ಹೊಡೆದಿದ್ದ ಕಿಟಕಿಗೆ ಮುಖ ಒತ್ತಿದರು. ಒಳಗೆ ತಟ್ಟೆಗಳ ಮೇಲೆ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು. ನಡುವೆ ಮಗುಚಿದ ಬುಟ್ಟಿಯ ಮೇಲೆ ರಾಮಾಂಜಿನಪ್ಪನ ಹೆಂಡತಿ ಅಶ್ವತ್ಥಮ್ಮ ಕೂತಿದ್ದಳು. ಅವಳ ಕೈಯಲ್ಲಿ ಎರಡನೇ ಭಾಗ!

"ಅಶ್ವತ್ಥಮ್ನೋರೇ, ಅದು ನನ್ದು! ಓದ್ಬೇಡಿ!"

"ಓ ಸಾರ್! ಪುಡಿ ಅಂತ ಬಿಚ್ಚಿದ್ರೆ ಪುಸ್ತಕ. ಹೊತ್ತು ಹೋಗ್ಬೇಕಲ್ಲ, ನೋಡ್ತಿದ್ದೆ. ನಾನು ಯಾವಾಗ್ಲೂ ಕೊನೇ ಪುಟ ಮೊದ್ಲು ಓದೋದು."

ಅನಂತರಾಮಯ್ಯನವರು ಮುಖವನ್ನು ಜಾಲರಿಗೆ ಇನ್ನಷ್ಟು ಒತ್ತಿದರು. ಪತ್ತೇದಾರಿಯನ್ನು ಕೊನೆಯಿಂದ ಓದುವುದೆ! ಅದಕ್ಕೊಂದು ಕಾನೂನು ಬೇಡವೆ?

"ಯಾರು ಕೊಂದಿದ್ದು ಅಂತ ಹೇಳ್ಬಿಡ್ಲಾ? ನಿಮಗೆ ಓದೋ ಶ್ರಮ ತಪ್ಪುತ್ತೆ."

"ಬೇಡ! ಬಾಯಿ ಬಿಟ್ರೆ ನೋಡಿ!" ಎಂದು ಅವರು ಎರಡೂ ಕಿವಿಗೆ ಬೆರಳು ತುರುಕಿಕೊಂಡರು.

ಹಾಗೆ ಕಿವಿ ಮುಚ್ಚಿ, ಪರರ ಹೆಂಡತಿಯ ಕಿಟಕಿಗೆ ಮೂಗು ಒತ್ತಿ ನಿಂತವರನ್ನು ನೋಡಿದ್ದು ಎದುರುಮನೆ ಗಂಗುಲಮ್ಮ. ಆಕೆಯ ಗಂಟಲಿಗೆ ಮೈಕು ಬೇಕಾಗಿಲ್ಲ.

"ರಾಮಾಂಜೀ! ಬಾರಪ್ಪ ಇಲ್ಲಿ! ಅಯ್ನೋರು ಹುಳಕ್ಕೆ ದೃಷ್ಟಿ ಇಡ್ತಾವ್ರೆ! ಮೈತುಂಬಾ ಪೌಡರ್ ಬೇರೆ ಬಳ್ಕೊಂಡವ್ರೆ, ವಾಸ್ನೆಗೇ ಸಾಯ್ತವೆ ಹುಳ!"

ರಾಮಾಂಜಿನಪ್ಪ ಓಡಿಬಂದ. ವಾಸನೆ ಹೀರಿ ಅವನ ಮುಖ ಕಪ್ಪಿಟ್ಟಿತು. ಆದರೂ ಒಳ್ಳೆಯ ಮನುಷ್ಯ, ದಾರಿಯೊಂದನ್ನು ಹೇಳಿದ. "ಅಷ್ಟು ಆಸೆ ಇದ್ರೆ ಒಂದ್ ಕೆಲ್ಸ ಮಾಡಿ. ಬ್ಲೀಚಿಂಗ್ ನೀರಲ್ಲಿ ಮಿಂದು ಒಳಗೆ ಹೋಗಿ. ಕೂತು ಓದ್ಕೊಳಿ, ಜೊತೆಗೆ ಸೊಪ್ಪು ಹಾಕಿ. ಆದ್ರೆ ಆರು ದಿನ ಈಚೆ ಬರಂಗಿಲ್ಲ."

ಅನಂತರಾಮಯ್ಯನವರು ಉಳಿದಿದ್ದ ರಜೆಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎಂಟು ದಿನವಿತ್ತು. "ಹುಯ್ಯಿರಿ!" ಎಂದುಬಿಟ್ಟರು.

ಮೂರನೇ ಬಕೆಟ್ ತಲೆಯ ಮೇಲೆ ಬೀಳುವ ಹೊತ್ತಿಗೆ, ಗಂಗುಲಮ್ಮನ ಗಂಟಲು ಕರೆದ ಬೀದಿಯ ಹೆಂಗಸರ ಹಿಂದೆ ಕನಕಲಕ್ಷ್ಮಿ ನಿಂತಿದ್ದರು.

"ಇದೇನ್ರೀ ಅವತಾರ? ಸಕ್ಕರೆ ಎಲ್ಲಿ?"

ನೀರು ಸುರಿಸಿಕೊಂಡು ನಿಂತಲ್ಲೇ ಅನಂತರಾಮಯ್ಯನವರು ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ರೋಷ ಉಕ್ಕಿತು. "ನಾಲ್ಕು ವರ್ಷ ಕಾದಿದ್ದೀನಿ ಕಣೇ! ಹೌದು, ಮಾತು ತಪ್ಪಿದೆ. ಕೊಡು, ನಲವತ್ತೊಂದನ್ನೂ ಲೈಬ್ರರಿಗೆ ಕೊಡು! ನನಗೆ ಅದೊಂದು ಸಾಕು!"

"ನಲವತ್ತೆರಡು," ಎಂದರು ಕನಕಲಕ್ಷ್ಮಿ.

"ಏನು?"

"ಆಮೇಲೆ ಒಂದು ಸಲನಾದ್ರೂ ಎಣಿಸಿ ನೋಡಿದ್ರಾ?" ಎನ್ನುತ್ತ ಅವರು ಮನೆಗೆ ಹೋದರು. ಐದು ನಿಮಿಷದಲ್ಲಿ ಮರಳಿದಾಗ ಕೈಯಲ್ಲೊಂದು ಪುಸ್ತಕವಿತ್ತು. ಅದೇ ರಕ್ಷಾಪುಟ, ಅದೇ ಎರಡನೇ ಭಾಗ. "ಹೋದ್ ತಿಂಗಳು ಚಿಂತಾಮಣಿಗೆ ಹೋದಾಗ ಅಂಗಡೀಲಿ ಕಾಣಿಸ್ತು. ನಿದ್ದೇಲೂ ಶಾನುಭೋಗರು ಅಂತಿದ್ರಲ್ಲ, ಪಾಪ ಅಂತ ತಂದೆ. ರಾಶಿ ಓದಿ ಮುಗಿಸಿದ್ರೆ ಬಹುಮಾನ ಇರ್ಲಿ ಅಂತ ತಳದಲ್ಲಿಟ್ಟಿದ್ದೆ. ಅಲ್ಲಿಗೆ ನೀವು ಕೈ ಹಾಕಲ್ಲ ಅಂತ ಗೊತ್ತಿತ್ತು."

ಅನಂತರಾಮಯ್ಯನವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಸಾಲದ್ದಕ್ಕೆ ಆಕೆ, "ಹೋಗ್ಲಿ ಬಿಡಿ, ಇದನ್ನೇ ಮೊದ್ಲು ಓದಿ," ಎಂದು ಅದನ್ನು ನೀಡಿಯೂ ಬಿಟ್ಟರು. ಅವರು ಅಂಗೈ ಒರೆಸಿಕೊಂಡು, ಎಳೆಮಗುವನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಲ್ಲಿ ಪುಸ್ತಕವನ್ನು ತೆಗೆದುಕೊಂಡರು.

ಗಂಗುಲಮ್ಮನಿಗೆ ಕುತೂಹಲ ತಡೆಯಲಾಗಲಿಲ್ಲ. ಕಿಟಕಿಗೆ ಬಾಯಿಟ್ಟು ಕೇಳಿದರು: "ಅಲ್ಲಮ್ಮ ಅಶ್ವತ್ಥಾ, ಅಂಥಾದ್ದೇನೇ ಇರೋದು ಅದ್ರಾಗೆ?"

"ಏನಿಲ್ಲ ಗಂಗುಲಮ್ಮಾ," ಒಳಗಿನಿಂದ ಅಶ್ವತ್ಥಮ್ಮನ ದನಿ ಬೀದಿಗೆಲ್ಲ ಕೇಳಿಸಿತು, "ಶಾನುಭೋಗನ್ನ ಕೊಂದಿದ್ದು ಆ ಪೋಸ್ಟ್‌ಮ್ಯಾನು. ಲಕೋಟೆ ಅಂಟಿಗೆ ವಿಷ ಸವರಿರ್ತಾನೆ. ಅಷ್ಟೇಯ."

ಕಿವಿ ಮುಚ್ಚಿಕೊಳ್ಳಲು ಅನಂತರಾಮಯ್ಯನವರ ಕೈ ಖಾಲಿಯಿರಲಿಲ್ಲ.

ಅವರು ನೆಟ್ಟಗೆ ಮನೆಗೆ ನಡೆದರು. ಒದ್ದೆ ಬಟ್ಟೆಯಲ್ಲೇ ಕೂತು, ರಾಶಿಯನ್ನೆಲ್ಲ ಇಳಿಸಿ, ಎರಡನೇ ಭಾಗವನ್ನು ತಳಕ್ಕೆ ಹಾಕಿ, ಉಳಿದದ್ದನ್ನು ಅದರ ಮೇಲೆ ಪೇರಿಸುತ್ತ ಈ ಸಲ ಸರಿಯಾಗಿ ಎಣಿಸಿದರು. ನಲವತ್ತೆರಡು. ನಲವತ್ತಮೂರನೆಯದು ಇನ್ನಾರು ದಿನಕ್ಕೆ ಹುಳದ ಮನೆಯಿಂದ ಬರಬೇಕಿತ್ತು.