ಕಪ್ತಾನನ ಪಂಜರ

ಆ ಪಂಜರದ ಬಾಗಿಲಿಗೆ ಒಂದು ತಂತಿಯ ಕೊಂಡಿ ಇತ್ತು. ನೀರಿನ ಬಟ್ಟಲನ್ನು ಒಳಗಿಡುವಾಗ ಅದನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು. ನಮ್ಮೂರು ಪರಮಾರಿಬೊದಲ್ಲಿ ಇದು ಶಾಲೆಗೆ ಸೇರದ ಮಕ್ಕಳಿಗೂ ಗೊತ್ತು. ಹೆಸ್ಡಿಗೆ ಗೊತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಅವನಿಗೆ ಆಕಳಿಕೆ ಬಂತು, ಎಡಗೈ ಬಾಯಿಗೆ ಹೋಯಿತು. ಅಷ್ಟರಲ್ಲಿ ಕಪ್ತಾನ ಹೊರಗೆ ಬಂದು ಜಗಲಿಯ ಕಟಕಟೆಯ ಮೇಲೆ ಕೂತ. ಹೆಸ್ಡಿಯನ್ನು ಒಮ್ಮೆ ನೋಡಿದ. ಆಮೇಲೆ ಪಕ್ಕದ ಮನೆಯ ಮಾವಿನ ಮರಕ್ಕೆ ಹಾರಿಹೋದ.

ಕಪ್ತಾನ ಒಂದು ತ್ವಾತ್ವಾ ಹಕ್ಕಿ. ಮೈಯೆಲ್ಲ ಕಪ್ಪು, ರೆಕ್ಕೆಯಲ್ಲಿ ಒಂದು ಬಿಳಿ ಚುಕ್ಕೆ, ಇಕ್ಕಳದಂಥ ಕೊಕ್ಕು. ಹೋದ ವರ್ಷ ಸ್ವಾತಂತ್ರ್ಯ ಚೌಕದ ಹಾಡಿನ ಪಂದ್ಯದಲ್ಲಿ ಗೆದ್ದವನು. ಅವನ ಯಜಮಾನರು ಹೆಸ್ಡಿಯ ಮಾವ ಝೇಗೆಲಾರ್, ನದಿಯಲ್ಲಿ ದೋಣಿ ನಡೆಸಿ ನಿವೃತ್ತರಾದ ಹಿರಿಯರು.

ನಮ್ಮೂರ ಗಂಡಸರು ಹಕ್ಕಿ ಇಲ್ಲದೆ ಮನೆಯಿಂದ ಹೊರಡುವುದಿಲ್ಲ. ಕಚೇರಿಗೂ ಪಂಜರ, ಕ್ಷೌರಕ್ಕೂ ಪಂಜರ. ಗದ್ದಲ ಕೇಳಿ ಕೇಳಿ ಅಭ್ಯಾಸವಾದ ಹಕ್ಕಿ ಮಾತ್ರ ಚೌಕದಲ್ಲಿ ಬೆದರದೆ ಹಾಡುತ್ತದೆ. ಬಸ್ಸಿನಲ್ಲಿ ಪಂಜರ ತೊಡೆಯ ಮೇಲಿಟ್ಟು ಕೂತವನನ್ನು ಯಾರೂ ತಿರುಗಿ ನೋಡುವುದಿಲ್ಲ. ಬರಿಗೈಯಲ್ಲಿ ಕೂತವನನ್ನು ಕಂಡರೆ, ಪಾಪ, ಹಕ್ಕಿ ಸತ್ತಿರಬೇಕು ಎಂದುಕೊಳ್ಳುತ್ತಾರೆ.

ಹೆಸ್ಡಿ ಯಾವತ್ತೂ ಬರಿಗೈಯವನೇ. ಅವನಿಗೆ ಹಕ್ಕಿ ಎಂದರೆ ಹಕ್ಕಿ, ಅಷ್ಟೇ. ಇದೊಂದೇ ಕಾರಣಕ್ಕೆ, ಮಗಳನ್ನು ಕೊಟ್ಟು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಮೇಲೂ ಝೇಗೆಲಾರ್ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಎದುರಿಗೆ ಕೂತು ಊಟ ಮಾಡುತ್ತಿದ್ದರೂ "ಇರ್ಮಾ, ನಿನ್ ಗಂಡಂಗೆ ಉಪ್ಪು ಈ ಕಡೆ ತಳ್ಳಕ್ಕೆ ಹೇಳು" ಎನ್ನುತ್ತಿದ್ದರು. ಹೆಸ್ಡಿ ನಗುತ್ತಲೇ ಉಪ್ಪು ತಳ್ಳುತ್ತಿದ್ದ. ಆದರೆ ಒಳಗೆ ನೋವಾಗುತ್ತಿತ್ತು.

ಮುದುಕರ ಒಂದು ಕಣ್ಣು ಮೊದಲೇ ಮಂಜು. ಆ ವಾರ ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿತ್ತು. ಗುಣವಾಗುವವರೆಗೆ ಪಂಜರದ ಸಮೇತ ಮಗಳ ಮನೆಯಲ್ಲಿ ಬಿಡಾರ ಹೂಡಿದರು. ಶನಿವಾರ ಊಟ ಮುಗಿಸಿ, ಯಾರೂ ನಿರೀಕ್ಷಿಸದ ಮಾತು ಹೇಳಿದರು: "ನಾಳೆ ಪಂದ್ಯಕ್ಕೆ ಕಪ್ತಾನನ್ನ ನಿನ್ ಗಂಡನೇ ತಯಾರು ಮಾಡ್ಲಿ, ಇರ್ಮಾ. ಅವನೇ ಪಂಜರಾನ ಕಂಬಕ್ಕೆ ನೇತುಹಾಕ್ಲಿ."

ಹೆಸ್ಡಿಗೆ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ. ಇಷ್ಟು ನಂಬಿದ ಮೇಲೆ ಹೆಸರು ಎಷ್ಟು ಹೊತ್ತಿನ ಮಾತು ಎಂದುಕೊಂಡ. ಬೆಳಗ್ಗೆ ಆಕಳಿಕೆ ಬಂದದ್ದೂ ಅದರಿಂದಲೇ.

"ಅಲುಗಾಡ್ಬೇಡ, ಕಂಬದ ಥರ ನಿಂತ್ಕೊ," ಎಂದ ಪಕ್ಕದ ಮನೆಯ ಬಿಸುನ್, ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು.

"ನಿಂತ್ಕೊಂಡ್ರೆ ಬಂದ್ಬಿಡುತ್ತಾ? ಬೀಜ ಚೆಲ್ಲು," ಎಂದಳು ಎದುರು ಮನೆಯ ಸರಿನೆಮ್. ಬಾಗಿಲಲ್ಲೇ ಕರಿದ ಶ್ಯಾವಿಗೆ ಮಾರುವ ಅವಳು ಜಾಲರಿ ಸೌಟನ್ನು ಹಿಡಿದುಕೊಂಡೇ ಬಂದಿದ್ದಳು.

ಹೆಸ್ಡಿ ಬೀಜ ಚೆಲ್ಲಿದ. ಸರಿನೆಮ್‌ಳ ಕೋಳಿಗಳು ಬಂದು ತಿಂದವು. ಕಪ್ತಾನ ಕೊಂಬೆಯಿಂದ ಕೋಳಿಗಳನ್ನು ನೋಡುತ್ತಿದ್ದ. ಕೋಳಿಗಳನ್ನು ಓಡಿಸಲು ಸರಿನೆಮ್ ಸೌಟು ಬೀಸಿದಳು. ಕೋಳಿಗಳು ಅಲ್ಲೇ ಉಳಿದವು, ಕಪ್ತಾನ ನದಿಯ ಕಡೆ ಹಾರಿ ಕಣ್ಮರೆಯಾದ.

"ನಾನು ಸೌಟು ಬೀಸಿದ್ದು ಕೋಳಿಗೆ," ಎಂದು ಅವಳು ಎಲ್ಲರಿಗೂ ಸ್ಪಷ್ಟಪಡಿಸಿದಳು.

ಹೆಸ್ಡಿ ಮೆಟ್ಟಿಲ ಮೇಲೆ ಕುಸಿದ. "ಮಾವ ಏಳೋದ್ರೊಳಗೆ ನಾನೂ ನದಿಗೆ ಹೋಗ್ತೀನಿ."

"ನದಿ ಎಲ್ಲಿಗೂ ಹೋಗಲ್ಲ, ಆಮೇಲೆ ಹೋಗು. ಈಗ ನನ್ ರೇಡಿಯೋನ ಆ ಪಂಜರಕ್ಕೆ ಹಾಕು," ಎಂದ ಬಿಸುನ್.

ರೇಡಿಯೋ ಬಿಸುನ್‌ನ ತ್ವಾತ್ವಾ. ಬಹಳ ಆಸೆಯಿಂದ ತಂದು ಆ ಹೆಸರಿಟ್ಟಿದ್ದ. ಬಂದ ದಿನದಿಂದ ಅದು ಒಂದು ಸ್ವರವನ್ನೂ ಹೊರಡಿಸಿರಲಿಲ್ಲ.

"ಅದು ಮೂಕ ಅಲ್ವೇನೋ?"

"ಅದಕ್ಕೇ ಮಾರಾಯ. ನಿಮ್ಮಾವಂಗೆ ಕಣ್ಣು ಕಾಣಲ್ಲ, ಕಿವಿ ಮಾತ್ರ ಚುರುಕು. ಹಾಡಿದ್ರೆ ತಾನೆ ಗುರುತು ಸಿಗೋದು? ಇದು ಹಾಡಲ್ಲ, ನೀನು ಸೋಲ್ತೀಯ. ಸೋತೋನಿಗೆ ಬೈಗುಳ ಸಿಗುತ್ತೆ, ಮರೆತೂ ಹೋಗುತ್ತೆ. ಕಪ್ತಾನನ್ನ ಹಾರಿಸಿದೋನು ಅಂದ್ರೆ ಮೊಮ್ಮಕ್ಕಳ ಕಾಲಕ್ಕೂ ಹೇಳ್ತಾರೆ."

ಬಾಗಿಲಿಗೆ ಬಂದ ಇರ್ಮಾ ಒಂದು ಕ್ಷಣ ಮೂವರನ್ನೂ ನೋಡಿದಳು, ಖಾಲಿ ಪಂಜರವನ್ನೂ ನೋಡಿದಳು. "ಅಪ್ಪ ಎದ್ದಿದಾರೆ. ನಾನೇನೂ ನೋಡಿಲ್ಲ," ಎಂದು ಒಳಗೆ ಹೋದಳು.

ಬಿಸುನ್‌ನ ಕಾರಿನಲ್ಲಿ ಮುದುಕರು ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಕಂಬಿಗಳನ್ನು ಸವರಿದರು. ಒಳಗಿದ್ದ ರೇಡಿಯೋ ಅತ್ತಿಂದಿತ್ತ ಜಿಗಿಯುತ್ತಿತ್ತು. "ಇವತ್ತು ಕಾಲು ಚುರುಕಾಗಿದೆ," ಎಂದರು. ಹೆಸ್ಡಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಚೌಕದಲ್ಲಿ ಅರ್ಧ ಊರೇ ಸೇರಿತ್ತು. ನದಿಯಾಚೆಯ ಕರ್ತೋ ಎಂಬವನ ಹಕ್ಕಿ ಎದುರಾಳಿ. ಎರಡು ಪಂಜರಗಳನ್ನು ಅಕ್ಕಪಕ್ಕದ ಕಂಬಗಳಿಗೆ ನೇತುಹಾಕುತ್ತಾರೆ. ಹಕ್ಕಿ ಒಂದೊಂದು ಸಲ ಹಾಡಿದಾಗಲೂ ತೀರ್ಪುಗಾರರು ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಒಂದೊಂದು ಗೀಟು ಎಳೆಯುತ್ತಾರೆ. ಯಾರಿಗೆ ಹೆಚ್ಚು ಗೀಟೋ ಅವರು ಗೆದ್ದಂತೆ.

"ಕಪ್ತಾನ ಸ್ವಲ್ಪ ಇಳಿದ ಹಾಗಿದಾನಲ್ಲ," ಎಂದ ಕರ್ತೋ, ಕಣ್ಣು ಕಿರಿದು ಮಾಡಿ.

"ಮಾವನ ಕಣ್ಣಿನ ಚಿಂತೇಲಿ ಊಟ ಬಿಟ್ಟಿದಾನೆ," ಎಂದ ಹೆಸ್ಡಿ. ಸುತ್ತ ನಿಂತವರು ತಲೆದೂಗಿದರು.

ಪಂದ್ಯ ಶುರುವಾಯಿತು. ಕರ್ತೋನ ಹಕ್ಕಿ ಹಾಡಿತು, ಗೀಟು ಬಿತ್ತು. ಮತ್ತೆ ಹಾಡಿತು, ಮತ್ತೆ ಗೀಟು. ರೇಡಿಯೋ ಸುಮ್ಮನಿತ್ತು. ಬೆಳಗಿನಿಂದ ಮೊದಲ ಸಲ ಹೆಸ್ಡಿ ನೆಟ್ಟಗೆ ಉಸಿರುಬಿಟ್ಟ.

ಆಗ ರೇಡಿಯೋ ಮೈ ಕೊಡವಿತು. ಕುತ್ತಿಗೆ ಎತ್ತಿ ಹಾಡಿತು. ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಇವತ್ತೇ ಖರ್ಚು ಮಾಡಲು ಬಂದಂತೆ, ನಿಲ್ಲಿಸದೆ ಹಾಡಿತು. ತೀರ್ಪುಗಾರರ ಕೈಯ ಸೀಮೆಸುಣ್ಣ ಮುರಿಯಿತು. ಹೆಸ್ಡಿ ಗಾಬರಿಯಿಂದ ಎರಡೂ ಕೈ ಎತ್ತಿ, ಸಾಕು, ನಿಲ್ಲಿಸು ಎಂದು ಸನ್ನೆ ಮಾಡಿದ.

"ಕೈಯಲ್ಲೇ ಹಾಡಿಸ್ತಿದಾನೆ ನೋಡ್ರೋ," ಎಂದು ಹಿಂದಿನಿಂದ ಯಾರೋ ಹೇಳಿದರು.

ಬಿಸುನ್ ಬಾಯಿ ತೆರೆದವನು ಮುಚ್ಚಲೇ ಇಲ್ಲ. ಕುರ್ಚಿಯಲ್ಲಿ ಕೂತ ಮುದುಕರು ಊರುಗೋಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಕಣ್ಣಿಗೆ ಪಟ್ಟಿ ಇದ್ದುದರಿಂದ ಅವರ ಮುಖದಲ್ಲಿ ಏನಿದೆಯೆಂದು ತಿಳಿಯುವಂತಿರಲಿಲ್ಲ.

ಗೆದ್ದದ್ದು ಕಪ್ತಾನ ಎಂದು ಕೂಗಿದರು. ಝೇಗೆಲಾರ್ ಎದ್ದು, ಗಾಳಿಯಲ್ಲಿ ತಡಕಾಡಿ ಅಳಿಯನ ಹೆಗಲು ಹುಡುಕಿದರು. "ಎಲ್ಲರೂ ಕೇಳಿ. ಇವನು ನನ್ನ ಅಳಿಯ. ಹೆಸ್ಡಿ ಅಂತ ಇವನ ಹೆಸರು."

ಜನ ಚಪ್ಪಾಳೆ ತಟ್ಟಿದರು. ಎಷ್ಟೋ ವರ್ಷದಿಂದ ಕಾದ ಮಾತು ಬಂದಿತ್ತು. ಆದರೆ ಅದು ಕದ್ದ ಮಾಲಿನಂತೆ ಹೆಸ್ಡಿಯ ಎದೆಯ ಮೇಲೆ ಕೂತಿತು. ಮನೆಗೆ ಹೋದ ಕೂಡಲೇ ನಿಜ ಹೇಳಿಬಿಡುತ್ತೇನೆ, ಹೆಸರು ಹೋದರೆ ಹೋಗಲಿ ಎಂದು ತೀರ್ಮಾನಿಸಿದ.

ಮನೆ ತಲುಪಿದರೆ, ಜಗಲಿಯಲ್ಲಿ ಪಂಜರ ತೂಗುಹಾಕುವ ಕೊಕ್ಕೆಯ ಮೇಲೆ ಕಪ್ತಾನ ಕೂತಿದ್ದ. ನದಿ ನೋಡಿ ಬಂದಿರಬೇಕು. ಬೇರೆಲ್ಲಿಗೆ ಹೋಗಬೇಕೆಂದು ಅವನಿಗೂ ಗೊತ್ತಾಗಿರಲಿಲ್ಲ. ಹೆಸ್ಡಿಯನ್ನು ಕಂಡು, ಕೆಮ್ಮಿದ ಹಾಗೆ ಒಂದು ಸಣ್ಣ ಸದ್ದು ಮಾಡಿದ.

"ಬಂದ್ಯಾ ಮಗನೆ," ಎಂದರು ಮುದುಕರು ಆ ಸದ್ದಿನ ಕಡೆ ತಿರುಗಿ.

ಹೆಸ್ಡಿ ಮಾವನ ಮುಂದೆ ಹೋಗಿ ನಿಂತ. "ಮಾವ, ನಾನು..."

"ಕೂತ್ಕೊ. ಚೌಕದಲ್ಲಿ ಮೊದಲ್ನೇ ಸ್ವರಕ್ಕೇ ಗೊತ್ತಾಯ್ತು ನಂಗೆ. ಕಪ್ತಾನ ಹೋದ ಮಳೆಗಾಲದಿಂದ ಹಾಡಿಲ್ಲ. ಅವನಿಗೂ ವಯಸ್ಸಾಯ್ತು."

"ಮತ್ತೆ ಅವನನ್ನ ನನ್ ಕೈಗೆ ಯಾಕೆ ಕೊಟ್ರಿ?"

ಮುದುಕರು ಊರುಗೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಗೆದ್ದ ಹಕ್ಕಿ ನನ್ ಕೈಯಲ್ಲಿ ಸೋಲೋದು ಬೇಡ ಅನ್ನಿಸ್ತು. ನಿನ್ ಕೈಯಲ್ಲಿ ಸೋತ್ರೆ, ಇರ್ಮಾ ಗಂಡ ಹಾಳು ಮಾಡ್ದ ಅಂತಿದ್ರು. ಅವನ ಮಾನ ಉಳೀತಿತ್ತು, ನಂದೂ. ನೀನು ಗೆಲ್ಸಿ ಉಳಿಸ್ದೆ, ಅದಕ್ಕೇ ಹೆಸರು ಹಿಡ್ದು ಕರೆದೆ."

ಹೆಸ್ಡಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ರಾತ್ರಿಯೆಲ್ಲ ಅವನು ನಂಬಿಕೆ ಎಂದುಕೊಂಡು ಖುಷಿಪಟ್ಟದ್ದು ಇದಕ್ಕೆ. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರು ಹಕ್ಕಿಗಾಗಿ ಕೈ ಚಾಚಿಕೊಂಡಿದ್ದರು, ಹಕ್ಕಿ ಎಲ್ಲಿದೆಯೆಂದು ತಿಳಿಯದೆ. ಹೆಸ್ಡಿ ಎದ್ದು ಕಪ್ತಾನನನ್ನು ಮೆಲ್ಲಗೆ ಹಿಡಿದು ಆ ಕೈಯಲ್ಲಿಟ್ಟ.

"ಹೋಗಿ ನಿಜ ಹೇಳ್ಬಿಡೋಣ ಮಾವ."

"ಏನಂತ? ನಾವಿಬ್ರೂ ಕಳ್ಳರು ಅಂತಲೆ?"

ಅಷ್ಟರಲ್ಲಿ, ಇವರ ಮಾತೆಲ್ಲ ಕೇಳಿಸಿಕೊಂಡ ಬಿಸುನ್ ಪಂಜರ ಹಿಡಿದು ಬಂದ. ಮನೆ ಸೇರಿದ ಕೂಡಲೇ ರೇಡಿಯೋವನ್ನು ತನ್ನ ಪಂಜರಕ್ಕೆ ಹಾಕಿಕೊಂಡು, ಹಾಡು ಹಾಡು ಎಂದು ಗೋಗರೆದಿದ್ದನಂತೆ. ಅದು ಮತ್ತೆ ಮೂಕ. "ತಗೊ, ನೀನೇ ಇಟ್ಕೊ. ಆ ಪಂಜರದಲ್ಲಿ, ನೀನು ಕೈಯಾಡಿಸಿದ್ರೆ ಮಾತ್ರ ಹಾಡುತ್ತಂತೆ. ನನ್ ಹಕ್ಕಿ ಹಾಡೋದನ್ನ ಭಾನುವಾರಕ್ಕೊಂದ್ಸಲ ಕೇಳಕ್ಕೆ ಬಿಡು, ಸಾಕು. ಆದ್ರೆ ಒಂದ್ ಮಾತು. ವಾರವೆಲ್ಲ ಜೊತೇಲಿ ಕರ್ಕೊಂಡು ಓಡಾಡ್ಬೇಕು, ಇಲ್ದಿದ್ರೆ ಮರೆತುಬಿಡುತ್ತೆ."

"ಕಪ್ತಾನನ್ನೂ ಹೆಸ್ಡಿ ಕರ್ಕೊಂಡ್ ಹೋಗ್ಲಿ," ಎಂದರು ಮುದುಕರು. "ಒಬ್ಬನೇ ಬಿಟ್ರೆ ಕೊರಗ್ತಾನೆ. ಬಿಸುನ್, ಇವನನ್ನ ನಿನ್ ಪಂಜರಕ್ಕೆ ಹಾಕ್ಕೊಡು, ರೇಡಿಯೋ ಅಂತ ಹೇಳು. ಇನ್ಮೇಲೆ ಅವನು ಹಾಡಬೇಕು ಅಂತ ಯಾರೂ ಕಾಯಲ್ಲ, ಆರಾಮಾಗಿರ್ತಾನೆ."

ಸೋಮವಾರ ಬೆಳಗ್ಗೆ ಬಸ್ ನಿಲ್ದಾಣದಲ್ಲಿ, ಹಕ್ಕಿ ಎಂದರೆ ಹಕ್ಕಿ ಅಷ್ಟೇ ಎನ್ನುತ್ತಿದ್ದ ಹೆಸ್ಡಿ ಎರಡು ಕೈಯಲ್ಲಿ ಎರಡು ಪಂಜರ ಹಿಡಿದು ನಿಂತಿದ್ದ. ಮೂಗು ಕೆರೆದುಕೊಳ್ಳಲು ಕೈ ಉಳಿದಿರಲಿಲ್ಲ. ಎದುರಿಗಿದ್ದ ತನ್ನ ಮನೆಯ ಜಗಲಿಯಿಂದ ಮಾವನ ದನಿ ಬೀದಿಯುದ್ದಕ್ಕೂ ಕೇಳುತ್ತಿತ್ತು.

"ಹೆಸ್ಡಿ, ಕಾಳು ತಗೊಂಡ್ಯಾ? ಹೆಸ್ಡಿ, ಬಿಸಿಲಿಗೆ ಬಟ್ಟೆ ಹೊದಿಸು. ಹೆಸ್ಡಿ, ಕೊಂಡಿ ಒತ್ತಿ ಹಿಡ್ಕೊ. ಕೇಳಿಸ್ತಾ, ಹೆಸ್ಡಿ?"

ಬಸ್ಸು ಬರುವ ಹೊತ್ತಿಗೆ ಹೆಸ್ಡಿಗೆ ಒಂದು ವಿಷಯ ಖಚಿತವಾಗಿತ್ತು. 'ಇರ್ಮಾ ಗಂಡ' ಅಷ್ಟೇನೂ ಕೆಟ್ಟ ಹೆಸರಾಗಿರಲಿಲ್ಲ.