ಎರಡೇ ಸೀಟಿನ ಗ್ವಾದಲಿ

ನಮ್ಮ ಸೋದರಮಾವನಿಗೆ ಹುಚ್ಚು ಅಂತ ಕುಷ್ಟಗಿ ಸೀಮೆಯವರೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು! ಹುಚ್ಚರು ನಡುನಡುವೆ ಬೇರೆ ಮಾತನ್ನೂ ಆಡುತ್ತಾರೆ. ಮಾವನ ಬಾಯಲ್ಲಿ ಮಾತ್ರ ಕಾರಿನದೊಂದೇ ಮಾತು.

ಅದಾದರೂ ಎಂಥ ಕಾರು? ಹೊಸಪೇಟೆಯಿಂದ ಊರು ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನ ಹಳೇ ರೇಸಿನ ಕಾರು. ಮೇಲೆ ಚಾವಣಿಯಿಲ್ಲ, ಒಳಗೆ ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು. ನಿಜಾಮರ ಆ ಕಾಲದಲ್ಲಿ ಕಾರೆಂದರೆ ಎತ್ತರಕ್ಕಿರಬೇಕು, ಅರ್ಧ ಓಣಿ ಅದರಲ್ಲಿ ಹಿಡಿಸಬೇಕು.

"ಗ್ವಾದಲಿಗೆ ಗಾಲಿ ಹಚ್ಚಿಸ್ಕೊಂಡು ಬಂದಾನ," ಎಂದ ಮಾವನ ಅಪ್ಪ, ಅಂದರೆ ನಮ್ಮ ಅಜ್ಜ. ದನಕ್ಕೆ ಮೇವು ಹಾಕುವ ಗ್ವಾದಲಿ! ಅದೇ ವಾರ ಮನೆಯ ಎತ್ತು ಸೀಟಿನೊಳಗಿನ ಹುಲ್ಲು ಮೇಯ್ದು ಅಜ್ಜನ ಮಾತಿಗೆ ರುಜು ಹಾಕಿತು. ಮಾವ ಜಗ್ಗಲಿಲ್ಲ.

"ಓಡೂ ಕಾರು ಹಗುರ ಇರಬೇಕ್ರಿ ಅಪ್ಪಾ! ಕುಸ್ತಿ ಪೈಲ್ವಾನ ಎಲ್ಲ್ಯಾರ ಓಡಿದ್ದು ನೋಡೀರೇನು?"

ಮಿಸ್ತ್ರಿಗೆ ಕಾರು ಮುಟ್ಟಗೊಡುತ್ತಿರಲಿಲ್ಲ. ವಾಷರ್ ಹೋಯಿತೇ? ತನ್ನ ಕಾಲಲ್ಲಿನ ಕೆರದ ತೊಗಲನ್ನೇ ಕೊಯ್ದು ವಾಷರ್ ಮಾಡುತ್ತಿದ್ದ. ಕಾರು ಸುಧಾರಿಸಿದಂತೆ ಮಾವ ಕುಂಟತೊಡಗಿದ! ದಿನಾ ಸಂಜೆ ಕಾರಿನ ಕೆಳಗೆ ಅಂಗಾತ ಮಲಗಿ, "ಸಣ್ಣ ಪಾನಾ ಕೊಡು," ಎನ್ನುವುದು. ಅತ್ತೆ ಸೆರಗು ಹೊದ್ದು, ನಟ್ಟು ತಿರುವುವ ಪಾನಾ ಹಿಡಿದು ಕೂರುವುದು. ತುಂಬಿದ ಮನೆ; ಹಿರಿಯರೆದುರು ಗಂಡ ಹೆಂಡತಿ ಮಾತಾಡುವ ರೂಢಿ ಇರಲಿಲ್ಲ. ಪಾನಾದ ಮಾತಿಗೆ ಮಾತ್ರ ಮಾಫಿ ಇತ್ತು.

ಕಡೆಗೆ ಅಜ್ಜ ಹುಕುಂ ಹೊರಡಿಸಿದ: ಸಣ್ಣ ಮಾವನ ಮದುವೆ ಮುಗಿದ ಕೂಡಲೇ ಕಾರು ಮಾರಬೇಕು. ಮಾವ ಅಂದು ಉಣ್ಣಲಿಲ್ಲ. ಅತ್ತೆಯೂ ಉಣ್ಣಲಿಲ್ಲ.

ಮದುವೆ ಯಲಬುರ್ಗಾದಲ್ಲಿ. ಮದುಮಗ, ದಿಬ್ಬಣ ಹಿಂದಿನ ದಿನವೇ ಬಂಡಿಗಳಲ್ಲಿ ಹೋಗಿದ್ದರು. ತಾಳಿ ಹಿಡಿದ ಅಜ್ಜ ಮತ್ತು ನಾವು ಮಕ್ಕಳು, ಬೀಗರು ಕಳಿಸಿದ ಆನೆಯಂಥ ಕಾರಿನಲ್ಲಿ. ಮಳೆಯಾಗಿತ್ತು. ನಡುದಾರಿಯ ಹಳ್ಳದಲ್ಲಿ ಆನೆ ಎರೆಮಣ್ಣಿನಲ್ಲಿ ಹೂತು ಕೂತೇಬಿಟ್ಟಿತು! ಮುಹೂರ್ತ ಅಲ್ಲಿ, ತಾಳಿ ಇಲ್ಲಿ.

ಹಿಂದಿನಿಂದ ಬುರ್ರೆಂದು ಗ್ವಾದಲಿ ಬಂತು. ಮಾವ, ಪಕ್ಕದಲ್ಲಿ ಅತ್ತೆ. ಅದೂ ಹೂತುಕೊಂಡಿತು. ಆದರೆ ಕುರಿ ಕಾಯುತ್ತಿದ್ದವರು ನಾಲ್ವರು ಬಂದು ಅದನ್ನು ಮೇನೆಯಂತೆ ಎತ್ತಿ ಆಚೆ ದಡಕ್ಕಿಟ್ಟರು! ಅಲ್ಲಿ ಎಂಜಿನ್ ಮುನಿಸಿಕೊಂಡಿತು. ಮಾವ ಕೆಳಗೆ ನುಸುಳಿ ಕೈ ಚಾಚಿದ. ಕೇಳುವ ಮೊದಲೇ ಅತ್ತೆ ಆ ಕೈಗೆ ಬೇಕಾದ ಪಾನಾ ಇಟ್ಟಳು. ಕೆಳಗಿಂದ ಏನೋ ಪಿಸುಮಾತು. ಅತ್ತೆ ಸೆರಗು ಬಾಯಿಗೊತ್ತಿ ನಕ್ಕಳು. ಮುಹೂರ್ತ ಮೀರುವ ಹೊತ್ತಿನಲ್ಲಿ ನಗುವೇ! ಅಜ್ಜ ಅದನ್ನೇ ನೋಡುತ್ತ ನಿಂತಿದ್ದ. ಎಂಜಿನ್ ಗುಡುಗಿದ ಕೂಡಲೇ ಬಂದು ತಾಳಿಯನ್ನು ಅತ್ತೆಯ ಉಡಿಗೆ ಹಾಕಿದ.

ತಾಳಿ ಮುಹೂರ್ತಕ್ಕೆ ಸರಿಯಾಗಿ ಮುಟ್ಟಿತು. ಉಳಿದ ಹಾದಿ ನಡೆದು ನಾವು ಮುಟ್ಟಿದಾಗ ಮಾವ ಚಪ್ಪರದಲ್ಲಿ ಬರಿಗಾಲಲ್ಲಿ ನಿಂತು ಬೀಗರಿಗೆಲ್ಲ ಹಗುರ ಕಾರಿನ ಮಹಿಮೆ ಬೋಧಿಸುತ್ತಿದ್ದ. ಉಳಿದ ಕೆರವೂ ಕಾರಿನ ಹೊಟ್ಟೆ ಸೇರಿತ್ತು!

ಮರುದಿನ ಹೊರಡುವಾಗ ಮಾವ, "ಅಪ್ಪಾ, ನೀವು ಇದರಾಗ ಬರ್ರಿ," ಎಂದ. ಅತ್ತೆ ಇಳಿಯಹೋದಳು. ಅಜ್ಜ ಬಾಗಿಲಿಗೆ ಕೈ ಅಡ್ಡ ಇಟ್ಟ.

"ಕುಂದ್ರವ್ವಾ, ಅದು ನಿನ್ನ ಸೀಟು. ಅಷ್ಟ ದೊಡ್ಡ ಮನ್ಯಾಗ ನಿಮಗ ಮಾತಾಡಾಕ ಇದೊಂದ ಜಾಗ ಐತಿ ಅಂತ ನನಗ ಹೊಳೀಲೇ ಇಲ್ಲ ನೋಡು." ಆಮೇಲೆ ಮಾವನಿಗೆ ಗದರಿದ: "ಮಾರೂ ಮಾತು ಮುಗೀತು. ದಾರ್ಯಾಗ ಕೆಟ್ಟು ನಿಂತ್ರ ಲಗೂ ರಿಪೇರಿ ಮಾಡಬ್ಯಾಡ, ತಿಳೀತೇನು?"

ಅಜ್ಜನ ಜೊತೆ ನಾವು ಎತ್ತಿನ ಬಂಡಿಯಲ್ಲಿ ಮನೆ ಮುಟ್ಟಿ, ದೀಪ ಹಚ್ಚಿ, ಉಂಡಾಯಿತು. ರೇಸಿನ ಕಾರು ಇನ್ನೂ ಬಂದಿರಲಿಲ್ಲ. ಹುಡುಕಲು ಹೊರಟವರನ್ನೆಲ್ಲ ಅಜ್ಜ ಬೈದು ಕೂರಿಸಿದ.